ಕಾಯಿಲೆ ಒಬ್ಬರದು, ತೀರ್ಮಾನ ಇನ್ನೊಬ್ಬರದೇ?

ಕೊಯಮತ್ತೂರು: ಮನೋರೋಗ ವಿಭಾಗದ ಓಪಿ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ಒಂದು ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಯಾವ ಊರಿನ ಯಾವ ಆಸ್ಪತ್ರೆಯಾದರೂ ಸರಿ. ಡಾಕ್ಟರ ಎದುರಿನ ಕುರ್ಚಿಯಲ್ಲಿ ಅಣ್ಣನೋ ಅಮ್ಮನೋ ಗಂಡನೋ ಕೂತಿರುತ್ತಾರೆ. ಕಾಯಿಲೆ ಯಾರದೋ ಅವರು ಮಾತ್ರ ಹಿಂದೆ, ಬಾಗಿಲ ಪಕ್ಕ, ಗೋಡೆಗೆ ಒರಗಿ ನಿಂತಿರುತ್ತಾರೆ.

“ಮಾತ್ರೆ ಸರಿಯಾಗಿ ನುಂಗಲ್ಲ ಸಾರ್, ರಾತ್ರಿಯೆಲ್ಲ ಎದ್ದು ಓಡಾಡ್ತಾನೆ, ಏನಾದ್ರೂ ಡೋಸ್ ಜಾಸ್ತಿ ಮಾಡಿ” ಎನ್ನುವುದು ಇಂಥ ಕಡೆ ದಿನಾ ಕೇಳುವ ಮಾತು. ಡೋಸ್ ಜಾಸ್ತಿಯಾಗುತ್ತದೆ. ಮಾತ್ರೆ ಯಾಕೆ ನುಂಗುತ್ತಿಲ್ಲ ಎಂದು ಗೋಡೆಗೆ ಒರಗಿದವರನ್ನು ಕೇಳುವಷ್ಟರಲ್ಲಿ ಮುಂದಿನ ಟೋಕನ್ ನಂಬರು ಕೂಗಿಯಾಗಿರುತ್ತದೆ.

ಕೇಳಿದ್ದರೆ ಉತ್ತರ ಸಿಗುತ್ತಿತ್ತೋ ಏನೋ. ಕೈ ನಡುಗಿ ಹೊಲಿಗೆ ಮಿಷನ್ ಮೇಲೆ ಬಟ್ಟೆ ನಿಲ್ಲುತ್ತಿಲ್ಲ ಎಂಬುದು ಕಾರಣವಿರಬಹುದು. ಬೆಳಿಗ್ಗೆ ಎಂಟಕ್ಕೆ ಶಿಫ್ಟು, ಹತ್ತಾದರೂ ಕಣ್ಣು ಬಿಡಲಾಗುತ್ತಿಲ್ಲ ಎಂಬುದಿರಬಹುದು. ಆರು ತಿಂಗಳಲ್ಲಿ ಮೈ ಊದಿ ಬೀದಿಯವರೆಲ್ಲ ಆಡಿಕೊಳ್ಳುತ್ತಾರೆ ಎಂಬುದೂ ಇರಬಹುದು. ಇವೆಲ್ಲ ಔಷಧಿಯ ಗೊತ್ತಿರುವ ಅಡ್ಡಪರಿಣಾಮಗಳೇ. ಮಾತ್ರೆ ಬದಲಿಸಿ, ಹೊತ್ತು ಬದಲಿಸಿ, ಪ್ರಮಾಣ ತಗ್ಗಿಸಿ ಹಲವನ್ನು ಸರಿಪಡಿಸಬಹುದು. ಆದರೆ ಅದಕ್ಕೆ ಮೊದಲು ನುಂಗುವವರ ಬಾಯಿಂದ ವಿಷಯ ಹೊರಗೆ ಬರಬೇಕು.

ಕಾನೂನು ಬದಲಾಗಿದೆ, ಕುರ್ಚಿ ಬದಲಾಗಿಲ್ಲ

ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ತಮ್ಮ ಚಿಕಿತ್ಸೆ ಬಗ್ಗೆ ತಾವೇ ಹೇಳುವ ಹಕ್ಕು ಈಗ ಕಾನೂನಿನಲ್ಲೇ ಇದೆ. ಸಂಸತ್ತು 2017ರಲ್ಲಿ ಒಪ್ಪಿದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದು ಬಂದ ಮೇಲೆ 1987ರ ಹಳೇ ಕಾಯ್ದೆ ರದ್ದಾಯಿತು.

ಹೊಸ ಕಾಯ್ದೆಯ ಬುಡದಲ್ಲಿರುವ ಮಾತು ಸರಳ. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಮನುಷ್ಯನಿಗೆ ತೀರ್ಮಾನ ಮಾಡುವ ಶಕ್ತಿ ಇಲ್ಲ ಎಂದು ಅಂದುಕೊಳ್ಳುವ ಹಾಗಿಲ್ಲ. ಹೇಳಿದ್ದು ಅರ್ಥವಾಗುತ್ತದೆಯೇ, ಹೀಗೆ ಮಾಡಿದರೆ ಮುಂದೆ ಏನಾದೀತು ಎಂಬ ಅಂದಾಜು ಇದೆಯೇ, ತನ್ನ ಇಷ್ಟವನ್ನು ಮಾತಲ್ಲೋ ಸನ್ನೆಯಲ್ಲೋ ತಿಳಿಸಬಲ್ಲರೇ ಎಂಬುದನ್ನು ನೋಡಬೇಕು. ಅವರ ತೀರ್ಮಾನ ಮನೆಯವರಿಗೆ ತಪ್ಪೆನಿಸಿತು ಎಂಬ ಒಂದೇ ಕಾರಣಕ್ಕೆ ‘ಇವನಿಗೆ ಬುದ್ಧಿ ಸ್ಥಿಮಿತ ಇಲ್ಲ’ ಎಂದು ಹೇಳುವಂತಿಲ್ಲ ಎಂದೂ ಕಾಯ್ದೆ ಹೇಳುತ್ತದೆ.

ಇದು ಒಂದೇ ದಿನದಲ್ಲಿ ಬಂದದ್ದಲ್ಲ. ಹಿಂದೆ ದೊಡ್ಡ ನೋವಿನ ಕಥೆಯೇ ಇದೆ. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರವಾಡಿಯಲ್ಲಿ, ಮಾನಸಿಕ ರೋಗಿಗಳನ್ನು ಇರಿಸಿಕೊಂಡಿದ್ದ ಖಾಸಗಿ ಕೊಟ್ಟಿಗೆಯೊಂದಕ್ಕೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಲ್ಲಿ ಕಟ್ಟಿದ್ದರು. ಓಡಲಾಗದೆ 28 ಮಂದಿ ಸತ್ತರು. ಅವರನ್ನು ಅಲ್ಲಿ ಬಿಟ್ಟುಬಂದ ಮನೆಯವರೆಲ್ಲ ಕಲ್ಲು ಮನಸ್ಸಿನವರೇನಲ್ಲ. ಗುಣವಾಗಲಿ ಎಂದೇ ಬಿಟ್ಟು ಬಂದಿದ್ದರು. ಅಲ್ಲಿ ಇರಲು ಇಷ್ಟವೇ ಎಂದು ಕಟ್ಟಿಸಿಕೊಂಡವರನ್ನು ಕೇಳುವ ಕ್ರಮವೇ ಆಗ ಇರಲಿಲ್ಲ. ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಯಾವ ರೀತಿಯಲ್ಲೂ ಸರಪಳಿ ಹಾಕಬಾರದು ಎಂಬುದು ಈಗ ಕಾಯ್ದೆಯಲ್ಲೇ ಇದೆ.

ಭಾರತ 2007ರಲ್ಲಿ ಒಪ್ಪಿ ಸಹಿ ಹಾಕಿದ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದವೂ ಈ ಬದಲಾವಣೆಗೆ ಕಾರಣ.

ದನಿ ಕನ್ನಡದಲ್ಲಿ, ಕೇಸ್ ಶೀಟ್ ಇಂಗ್ಲಿಷಿನಲ್ಲಿ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಮಗ್ಗದ ಕಸುಬಿನ ದೇವಾಂಗರು, ಬೇಸಾಯದ ಒಕ್ಕಲಿಗರು ತಲೆಮಾರುಗಳಿಂದ ಇಲ್ಲಿದ್ದಾರೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕಲಿತದ್ದೂ ತಮಿಳು ಅಕ್ಷರವೇ. ಇವರ ಜತೆಗೆ ಚಾಮರಾಜನಗರದ ಗಡಿ ಹಳ್ಳಿಗಳಿಂದ ಕೂಲಿಗೆಂದು, ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆಂದು ಬಂದವರಿದ್ದಾರೆ. ಇವರಲ್ಲಿ ಕೆಲವರಿಗೆ ತಮಿಳು ಅರ್ಥವಾಗುತ್ತದೆ, ಆಡಲು ಬಾರದು.

ಕಿವಿಯಲ್ಲಿ ಕೇಳುವ ದನಿ ಕನ್ನಡದಲ್ಲಿ ಬೈಯುತ್ತದೆ. ಅದನ್ನು ಡಾಕ್ಟರಿಗೆ ತಮಿಳಿನಲ್ಲಿ ಹೇಳಬೇಕು. ಅವರು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಾರೆ. ನಡುವೆ ಮಾತು ದಾಟಿಸುವವರು ಅಣ್ಣನೋ ಅತ್ತಿಗೆಯೋ ಆಗಿರುತ್ತಾರೆ. ಮನೆಯ ಮಾನಕ್ಕೆ ಹೆದರಿ ಒಂದಷ್ಟು ನುಂಗುತ್ತಾರೆ, ತಮಗೆ ಕಷ್ಟವಾದದ್ದನ್ನು ಒಂದಷ್ಟು ಸೇರಿಸುತ್ತಾರೆ. ಬೇಕೆಂದು ಮಾಡುವುದಲ್ಲ, ಆಗಿಹೋಗುತ್ತದೆ.

ಕಾಯ್ದೆ ಇಲ್ಲಿಯೂ ಸಹಾಯಕ್ಕೆ ಬರುತ್ತದೆ. ಕಾಯಿಲೆ ಯಾವುದು, ಚಿಕಿತ್ಸೆ ಏನು, ಅದರ ಅಡ್ಡಪರಿಣಾಮಗಳೇನು ಎಂಬುದನ್ನು ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ ತಿಳಿಸಬೇಕು ಎಂದು ಅದು ಹೇಳುತ್ತದೆ. ‘ಕನ್ನಡ ಬಲ್ಲ ನರ್ಸೋ ಸಮಾಜ ಕಾರ್ಯಕರ್ತರೋ ಇದ್ದರೆ ಕರೆಯಿರಿ’ ಎಂದು ಕೇಳುವುದು ಗಡಿಯಾಚೆಯ ಕನ್ನಡಿಗರ ದೌಲತ್ತಲ್ಲ, ಹಕ್ಕು.

ಚೆನ್ನಾಗಿರುವಾಗ ಬರೆದಿಡುವ ಕಾಗದ

ಕಾಯ್ದೆ ಕೊಟ್ಟಿರುವ ಮುಖ್ಯ ಸಾಧನ ‘ಮುಂಗಡ ನಿರ್ದೇಶನ’. ಕಾಯಿಲೆ ಹತೋಟಿಯಲ್ಲಿದ್ದು ತಲೆ ತಿಳಿಯಾಗಿರುವಾಗ, ಮುಂದೆ ಕೆರಳಿದರೆ ತನ್ನನ್ನು ಹೇಗೆ ನೋಡಿಕೊಳ್ಳಬೇಕು, ಹೇಗೆ ನೋಡಿಕೊಳ್ಳಬಾರದು ಎಂದು ಬರೆದಿಡುವುದು. 18 ತುಂಬಿದ ಯಾರೂ ಬರೆಯಬಹುದು. ಇದುವರೆಗೆ ಕಾಯಿಲೆಯೇ ಬಾರದವರೂ ಬರೆಯಬಹುದು. ಇಬ್ಬರು ಸಾಕ್ಷಿಗಳ ಸಹಿ ಬೇಕು. ಇದನ್ನು ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಯಲ್ಲಿ ನೋಂದಾಯಿಸಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ತಿದ್ದಬಹುದು, ರದ್ದು ಮಾಡಬಹುದು. ಚಿಕಿತ್ಸೆಯ ವೇಳೆ ಅದು ಡಾಕ್ಟರ ಕೈಗೆ ಸಿಗುವಂತೆ ನೋಡಿಕೊಳ್ಳುವುದು ಬರೆದವರ ಜವಾಬ್ದಾರಿ.

ಎರಡನೆಯದು ‘ನಾಮನಿರ್ದೇಶಿತ ಪ್ರತಿನಿಧಿ’. ‘ನಾನು ಹೇಳಲಾಗದ ಹೊತ್ತಿನಲ್ಲಿ ನನ್ನ ಪರವಾಗಿ ಇವರು ಮಾತಾಡಲಿ’ ಎಂದು ಒಬ್ಬರನ್ನು ಆರಿಸುವುದು. ಬಿಳಿ ಹಾಳೆಯಲ್ಲಿ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿದರೆ ಸಾಕು. ಅವರು ರಕ್ತಸಂಬಂಧಿಯೇ ಆಗಬೇಕೆಂದಿಲ್ಲ. ಒಪ್ಪಿದರೆ ಗೆಳೆಯನಾದರೂ ಸರಿ, ಪಕ್ಕದ ಮನೆಯ ಅಕ್ಕನಾದರೂ ಸರಿ. ಆ ಪ್ರತಿನಿಧಿ ತನಗೆ ಸರಿ ಕಂಡದ್ದನ್ನಲ್ಲ, ಕಾಯಿಲೆಯಾದವರ ಹಿಂದಿನ ಹಾಗೂ ಈಗಿನ ಇಷ್ಟ, ಅವರ ಬದುಕು, ನಂಬಿಕೆ, ಸಂಪ್ರದಾಯ ಇವನ್ನು ಗಮನಿಸಿ ಮಾತಾಡಬೇಕು.

‘ಮಾತ್ರೆನೇ ಬೇಡ ಅಂತ ಬರೆದ್ರೆ ಏನ್ ಗತಿ?’

ಮನೆಯವರ ಮೊದಲ ಭಯ ಇದೇ. ಭಯಕ್ಕೆ ಕಾರಣವೂ ಇದೆ. ನಡುರಾತ್ರಿ ಬಾಗಿಲು ತೆಗೆದು ಹೊರಟುಹೋದ ಮಗಳನ್ನು ಬಸ್ ಸ್ಟ್ಯಾಂಡಿನಲ್ಲಿ ಹುಡುಕಿದವರಿಗೆ, ಮೂರು ದಿನ ನಿದ್ದೆಯಿಲ್ಲದ ಗಂಡನನ್ನು ಹಿಡಿದು ಕೂತವರಿಗೆ ‘ಹಕ್ಕು’ ಎಂಬ ಮಾತು ಕಿವಿಗೆ ಸುಲಭವಾಗಿ ಹೋಗುವುದಿಲ್ಲ. ‘ನಮ್ ಕಷ್ಟ ಕೇಳೋರು ಯಾರು?’ ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ಕಾಯ್ದೆ ಆ ಬಾಗಿಲನ್ನು ಮುಚ್ಚಿಲ್ಲ. ಜೀವಕ್ಕೋ ಆರೋಗ್ಯಕ್ಕೋ ತಕ್ಷಣದ ಅಪಾಯ ಇದ್ದಾಗ ಕೊಡುವ ತುರ್ತು ಚಿಕಿತ್ಸೆಗೆ ಮುಂಗಡ ನಿರ್ದೇಶನ ಅಡ್ಡ ಬರುವುದಿಲ್ಲ. ಇಂಥ ತುರ್ತು ಚಿಕಿತ್ಸೆಯನ್ನು 72 ಗಂಟೆಯವರೆಗೆ ನೀಡಬಹುದು. ಆದರೆ ವಿದ್ಯುತ್ ಕಂಪನ ಚಿಕಿತ್ಸೆಯನ್ನು ತುರ್ತಿನ ನೆಪದಲ್ಲಿ ಕೊಡುವಂತಿಲ್ಲ. ಬೇರೆ ಸಂದರ್ಭದಲ್ಲಿ ಕೊಟ್ಟರೂ ಅರಿವಳಿಕೆ ಇಲ್ಲದೆ ಕೊಡುವಂತಿಲ್ಲ.

ನಿರ್ದೇಶನದಲ್ಲಿ ಬರೆದದ್ದು ಸರಿಯಿಲ್ಲ ಎನಿಸಿದರೆ ಡಾಕ್ಟರೋ ಮನೆಯವರೋ ಮಂಡಳಿಗೆ ಅರ್ಜಿ ಹಾಕಬಹುದು. ಸ್ವಂತ ಇಚ್ಛೆಯಿಂದ ಬರೆದದ್ದೇ, ವಿಷಯ ತಿಳಿದು ಬರೆದದ್ದೇ, ಬರೆದಾಗ ಅಂದುಕೊಂಡ ಪರಿಸ್ಥಿತಿಗೂ ಈಗಿನದಕ್ಕೂ ವ್ಯತ್ಯಾಸವಿದೆಯೇ ಎಂದು ಮಂಡಳಿ ನೋಡುತ್ತದೆ. ಸರಿಯಾದ ನಿರ್ದೇಶನವನ್ನು ಪಾಲಿಸಿದ್ದರಿಂದ ಅನಿರೀಕ್ಷಿತವಾಗಿ ಏನಾದರೂ ಆದರೆ ಡಾಕ್ಟರು ಹೊಣೆಯಲ್ಲ.

ಇನ್ನು ‘ಏನೂ ಬೇಡ’ ಎಂದು ಬರೆಯುವ ಭಯದ ಬಗ್ಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಚೆನ್ನೈನ ಸ್ಕಾರ್ಫ್ ಸಂಸ್ಥೆಯಲ್ಲೂ ಈ ಬಗ್ಗೆ ಅಧ್ಯಯನಗಳು ನಡೆದಿವೆ. ತೀವ್ರ ಕಾಯಿಲೆ ಇರುವವರೂ ಇಂಥ ಕಾಗದವನ್ನು ಅರ್ಥಪೂರ್ಣವಾಗಿ ಬರೆಯಬಲ್ಲರು ಎಂಬುದು ಅವುಗಳಿಂದ ಕಂಡುಬಂದಿದೆ.

ಮನೆ ಬಾಗಿಲಲ್ಲಿ ಕೂತು ಮಾಡಿದ ಯೋಜನೆ

ಕಾಂಚೀಪುರಂ ಕಡೆ ನಡೆದ ಪ್ರಯೋಗವೊಂದು ಇಲ್ಲಿ ನೆನೆಯುವಂಥದ್ದು. 1984ರಲ್ಲಿ ಡಾ. ಶಾರದಾ ಮೆನನ್ ಕಟ್ಟಿದ ಸ್ಕಾರ್ಫ್ ಅಲ್ಲಿ, ಬೇರೆ ಸಂಸ್ಥೆಗಳು ಗೋವಾ ಮತ್ತು ಮಹಾರಾಷ್ಟ್ರದ ಸಾತಾರಾದಲ್ಲಿ, ಒಟ್ಟು 282 ಸ್ಕಿಜೋಫ್ರೇನಿಯಾ ರೋಗಿಗಳ ಜತೆ ಕೆಲಸ ಮಾಡಿದವು. 187 ಮಂದಿಗೆ ಆಸ್ಪತ್ರೆಯ ಚಿಕಿತ್ಸೆಯ ಜತೆಗೆ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಗೇ ಹೋಗಿ ಅವರವರ ಅಗತ್ಯ ಕೇಳಿ, ಅವರವರಿಗೆ ಬೇರೆ ಬೇರೆ ಯೋಜನೆ ಮಾಡಿಕೊಟ್ಟರು. ಉಳಿದ 95 ಮಂದಿಗೆ ಆಸ್ಪತ್ರೆಯ ಚಿಕಿತ್ಸೆ ಮಾತ್ರ. ಫಲಿತಾಂಶ 2014ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಒಟ್ಟಾರೆ ಸುಧಾರಣೆ ದೊಡ್ಡದೇನಲ್ಲ. ಆದರೆ ಹೆಚ್ಚು ಲಾಭ ಕಂಡದ್ದು ತಮಿಳುನಾಡಿನ ಹಳ್ಳಿಗಳಲ್ಲೇ.

ಇಂಗ್ಲೆಂಡಿನ ಅನುಭವ ಇನ್ನೊಂದು ಪಾಠ ಹೇಳುತ್ತದೆ. ಅಲ್ಲಿ 160 ಜನರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಿ ಮತ್ತು ವೈದ್ಯರು ಕೂತು ಒಟ್ಟಿಗೆ ಯೋಜನೆ ಬರೆದ ಗುಂಪಿನಲ್ಲಿ ಶೇ 13 ಮಂದಿಯನ್ನು ಮಾತ್ರ ಬಲವಂತವಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಬರೆಯದ ಗುಂಪಿನಲ್ಲಿ ಇದು ಶೇ 27. ಮುಂದೆ 569 ಜನರ ಮೇಲೆ ಅದೇ ಪ್ರಯೋಗ ದೊಡ್ಡದಾಗಿ ನಡೆದು 2013ರಲ್ಲಿ ಫಲಿತಾಂಶ ಬಂದಾಗ ಹೇಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಹಲವು ಕಡೆ ವೈದ್ಯರ ತಂಡಗಳು ಮನಸ್ಸಿಟ್ಟು ಕೂತಿರಲಿಲ್ಲ, ಕಾಗದ ತುಂಬಿಸಿ ಕಳಿಸಿದ್ದರು. ಹೆಸರಿಗೆ ಬರೆದ ಯೋಜನೆ ಫೈಲಿನಲ್ಲೇ ಉಳಿಯುತ್ತದೆ.

ಮನೆಯವರನ್ನು ಜತೆಗೆ ಕೂರಿಸಿಕೊಳ್ಳುವುದು ನಮ್ಮವರಿಗೆ ಹೊಸದೇನಲ್ಲ. 1950ರ ದಶಕದಲ್ಲೇ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆ ಆವರಣದಲ್ಲಿ ಡೇರೆ ಹಾಕಿಸಿ ಮನೆಯವರನ್ನು ಉಳಿಸಿಕೊಂಡರು. ವೆಲ್ಲೂರಿನ ಸಿಎಂಸಿ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ರೋಗಿಯ ಜತೆ ಮನೆಯವರೊಬ್ಬರು ಇರುವ ಪದ್ಧತಿ ಬೆಳೆಯಿತು. ಅಂದು ಮನೆಯವರಿಗೆ ಕುರ್ಚಿ ಸಿಕ್ಕಿತು. ಈಗ ಅದರ ಪಕ್ಕದಲ್ಲಿ ಇನ್ನೊಂದು ಹಾಕಬೇಕಾಗಿದೆ.

ಒಂದು ಹಾಳೆ ಹೀಗಿರಬಹುದು

ನೋಂದಣಿ, ಮಂಡಳಿ ಎಲ್ಲ ಆಮೇಲಿನ ಮಾತು. ಮನೆಯಲ್ಲೇ ಒಂದು ಹಾಳೆ ಬರೆದು ಡಾಕ್ಟರಿಗೆ ತೋರಿಸುವುದರಿಂದ ಆರಂಭಿಸಬಹುದು. ತಮಿಳು ಅಕ್ಷರದಲ್ಲಿ ಕನ್ನಡ ಬರೆದರೂ ನಡೆಯುತ್ತದೆ, ಒಬ್ಬರು ಹೇಳಿ ಇನ್ನೊಬ್ಬರು ಬರೆದರೂ ಸರಿ. ಬನಿಯನ್ ಕಂಪನಿಯಲ್ಲಿ ದುಡಿಯುವ, ಬೈಪೋಲಾರ್ ಇರುವ ಒಬ್ಬರ ಹಾಳೆಯಲ್ಲಿ ಇಂಥ ಮಾತುಗಳಿರಬಹುದು:

“ಎರಡು ರಾತ್ರಿ ನಿದ್ದೆ ಬರಲಿಲ್ಲ, ಜೋರಾಗಿ ಮಾತಾಡ್ತಿದ್ದೀನಿ, ಸಂಬಳ ಎಲ್ಲ ಒಂದೇ ದಿನ ಖರ್ಚು ಮಾಡಿದೆ ಅಂದ್ರೆ ಕಾಯಿಲೆ ಶುರುವಾಗಿದೆ ಅಂತ ಅರ್ಥ. ಆಗ ಅಣ್ಣ ಬೈಬಾರ್ದು, ಅಕ್ಕ ಬಂದು ಹೇಳಿದ್ರೆ ಕೇಳ್ತೀನಿ.”

“ನೈಟ್ ಶಿಫ್ಟ್ ನಂಗೆ ಆಗಲ್ಲ. ಹಬ್ಬದಲ್ಲಿ ರಾತ್ರಿಯೆಲ್ಲ ಎಚ್ಚರ ಇರೋದೂ ಆಗಲ್ಲ, ಪೂಜೆಗೆ ಬಂದು ಹತ್ತಕ್ಕೆ ಮಲಗ್ತೀನಿ.”

“ಈ ಮಾತ್ರೆ ಹಿಡೀತು, ಆ ಮಾತ್ರೆಯಿಂದ ಕೈ ನಡುಗ್ತು. ಇಂಜೆಕ್ಷನ್ ಕೊಡೋ ಮುಂಚೆ ಏನು ಅಂತ ಹೇಳಿ. ಕೈ ಕಾಲು ಕಟ್ಟಬೇಡಿ.”

“ಆಸ್ಪತ್ರೆಗೆ ಸೇರಿಸಿದ್ರೆ ಮಕ್ಕಳು ಅತ್ತೆ ಮನೇಲಿರ್ಲಿ. ಕಂಪನೀಲಿ ಜ್ವರ ಅಂತ ಹೇಳಿ.”

ಕೊನೆಯ ಸಾಲು ಸಣ್ಣದಾಗಿ ಕಂಡರೂ ದೊಡ್ಡದು. ಕಾಯಿಲೆಯ ವಿಷಯ ಯಾರಿಗೆ ತಿಳಿಯಬೇಕು ಎಂಬುದು ಅವರ ಗುಟ್ಟು. ಅದನ್ನು ಕಾಪಾಡುವುದು ಆಸ್ಪತ್ರೆಯ ಕರ್ತವ್ಯ ಎಂದು ಕಾಯ್ದೆಯೂ ಹೇಳುತ್ತದೆ.

ಡಾಕ್ಟರನ್ನು ಕೇಳಿ ಸೇರಿಸಬೇಕಾದ ಸಂಗತಿಗಳೂ ಇವೆ. ಲಿಥಿಯಂ ತೆಗೆದುಕೊಳ್ಳುವವರಿಗೆ ಆಗಾಗ ರಕ್ತ ಪರೀಕ್ಷೆ ಆಗಬೇಕು. ಬಾಯ್ಲರ್, ಡೈಯಿಂಗ್ ಯೂನಿಟ್‌ನ ಬಿಸಿಯಲ್ಲಿ ದುಡಿದು ಬೆವರು ಸುರಿದರೆ, ವಾಂತಿ ಭೇದಿಯಾದರೆ ರಕ್ತದಲ್ಲಿ ಅದರ ಮಟ್ಟ ಏರುವ ಅಪಾಯವಿದೆ. ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೇಳಿ ಕೊಳ್ಳುವ ಕೆಲವು ಮಾತ್ರೆಗಳಿಂದಲೂ ಏರುತ್ತದೆ. ಕ್ಲೋಜಪಿನ್ ಶುರು ಮಾಡಿದವರಿಗೆ ಮೊದಲ ಹಲವು ವಾರ ಬಿಳಿ ರಕ್ತಕಣದ ಪರೀಕ್ಷೆ ತಪ್ಪಿಸುವಂತಿಲ್ಲ. ಒಲಾಂಜಪಿನ್‌ನಂಥ ಔಷಧಿ ನುಂಗುವವರು ತೂಕ, ಸಕ್ಕರೆ ನೋಡಿಕೊಳ್ಳುತ್ತಿರಬೇಕು. ದುಡಿಮೆ ಎಂಥದು ಎಂದು ರೋಗಿ ಹೇಳದಿದ್ದರೆ ಡಾಕ್ಟರಿಗೆ ಇದು ಹೊಳೆಯುವುದು ಹೇಗೆ?

ಗಡಿ ದಾಟುವ ಫೈಲು

ನಮ್ಮವರಲ್ಲಿ ಹಲವರು ಒಮ್ಮೆ ಇಲ್ಲಿ, ಒಮ್ಮೆ ಮೈಸೂರಿನಲ್ಲಿ, ಇನ್ನೊಮ್ಮೆ ನಿಮ್ಹಾನ್ಸ್‌ನಲ್ಲಿ ತೋರಿಸುತ್ತಾರೆ. ಪ್ರತಿ ಕಡೆ ಹೊಸ ಚೀಟಿ, ಹೊಸ ಕಥೆ. ತಮ್ಮ ದಾಖಲೆಯನ್ನು ಪಡೆಯುವ ಹಕ್ಕು ರೋಗಿಗಿದೆ. ಕೇಳಿ ಪ್ರತಿ ತೆಗೆದು, ಹಾಳೆಯ ಜತೆ ಒಂದೇ ಫೈಲಿನಲ್ಲಿ ಇಡಬೇಕು.

ಕಾಯಿಲೆ ಕೆರಳಿದರೆ ಎಲ್ಲಿಗೆ ಹೋಗುವುದು ಎಂಬುದನ್ನೂ ಮೊದಲೇ ಬರೆಯಬೇಕು. ಸತ್ಯಮಂಗಲದ ಕಾಡಿನಲ್ಲಿ 27 ತಿರುವಿನ ದಿಂಬಂ ಘಾಟಿಯಲ್ಲಿ 2022ರಿಂದ ರಾತ್ರಿ ವಾಹನಗಳಿಗೆ ನಿರ್ಬಂಧವಿದೆ. ನಡುರಾತ್ರಿ ‘ಮೈಸೂರಿಗೇ ಕರ್ಕೊಂಡು ಹೋಗೋಣ’ ಎಂದು ಹೊರಡುವ ಬದಲು ಹತ್ತಿರದ ಜಿ.ಎಚ್. ಯಾವುದು ಎಂದು ತಿಳಿದಿದ್ದರೆ ಒಳ್ಳೆಯದು. ಕೊಯಮತ್ತೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಟ್ರಿಚಿ ರಸ್ತೆಯಲ್ಲಿದೆ. 2009ರಲ್ಲಿ ಪ್ರತ್ಯೇಕ ಜಿಲ್ಲೆಯಾದ ತಿರುಪ್ಪೂರಿನಲ್ಲೂ 2022ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಉದ್ಘಾಟನೆಯಾಗಿದೆ.

ಅಡಚಣೆ ಇಲ್ಲದಿಲ್ಲ. ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ತೀವ್ರ ಮಾನಸಿಕ ಕಾಯಿಲೆ ಇರುವ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆಯೇ ತಲುಪಿರಲಿಲ್ಲ. ಐದು ನಿಮಿಷಕ್ಕೊಬ್ಬ ರೋಗಿಯನ್ನು ನೋಡುವ ಡಾಕ್ಟರು ಪ್ರತಿಯೊಬ್ಬರ ಜತೆ ಕೂತು ಯೋಜನೆ ಬರೆಯಲಾರರು. ಅದಕ್ಕೇ ಹಾಳೆಯನ್ನು ಮನೆಯಲ್ಲೇ ಬರೆದು ಒಯ್ಯಬೇಕಾದದ್ದು. ಹೇಳಬೇಕಾದ ನಾಲ್ಕು ಮಾತು ಬರವಣಿಗೆಯಲ್ಲಿದ್ದರೆ ಐದು ನಿಮಿಷದಲ್ಲೂ ಓದಬಹುದು.

ಮಾನಸಿಕ ಆರೋಗ್ಯ ಕಾಯ್ದೆಯ ಹಕ್ಕುಗಳಿಗಾಗಿ ಉಚಿತ ಕಾನೂನು ನೆರವು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಿಗುತ್ತದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ ನಂಬರು 14416. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡವೂ ಅದರ ಭಾಷೆಗಳಲ್ಲಿ ಒಂದು. ಈ ನಂಬರಿಗೆ ಮನೆಯವರೇ ಮಾಡಬೇಕೆಂದೇನಿಲ್ಲ. ಕಾಯಿಲೆ ಇರುವವರೂ ಮಾಡಬಹುದು.

ಮುಂದಿನ ಸಲ ಮಾತ್ರೆ ಮುಗಿದು ಓಪಿ ಚೀಟಿ ಹಿಡಿದು ಹೊರಡುವಾಗ, ಹಿಂದಿನ ರಾತ್ರಿ ಊಟವಾದ ಮೇಲೆ ಒಂದು ಪ್ರಶ್ನೆ ಕೇಳಿ ನೋಡಬಹುದು: “ನಾಳೆ ಡಾಕ್ಟರ್ ಹತ್ರ ಏನ್ ಹೇಳ್ಬೇಕು ಅಂತಿದ್ದೀಯ? ನೀನೇ ಹೇಳ್ತೀಯಾ, ನಾನ್ ಹೇಳ್ಲಾ?” ಉತ್ತರ ತಕ್ಷಣ ಬಾರದೇ ಇರಬಹುದು. ವರ್ಷಗಟ್ಟಲೆ ಯಾರೂ ಕೇಳದವರಿಗೆ ಮಾತು ಹೊರಡಲು ಸ್ವಲ್ಪ ಹೊತ್ತು ಬೇಕಾಗುತ್ತದೆ.